ಡಬ್ಬಿಮೀಮಾಂಸೆ: ಸಿರ್ಗಾಪುರ ಸೀಮೆಯ ಅಡಿಬರಹ ದೋಷಗಳ ಶಾಸ್ತ್ರೀಯ ವಿವೇಚನೆ

ಮೊದಲು ಡಬ್ಬಿಯ ವಿಚಾರ. ಕಂಪ್ಯೂಟರಿನಲ್ಲಿ ಸಿನಿಮಾ ಓಡುವಾಗ ಕನ್ನಡ ಅಕ್ಷರ ಮೂಡಬೇಕಾದ ಕಡೆ ಸಾಲಾಗಿ ಕಾಣಿಸುವ ಖಾಲಿ ಚೌಕಗಳಿಗೆ ಈ ಪ್ರಬಂಧದಲ್ಲಿ ‘ಡಬ್ಬಿ’ ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ. ಪದದ ಕರ್ತೃ ನಮ್ಮ ಆಯಿ. ದೇಶ: ಸಂಗಾರೆಡ್ಡಿ ಜಿಲ್ಲೆಯ ಸಿರ್ಗಾಪುರ, ನಮ್ಮ ಮನೆಯ ಪಡಸಾಲೆ. ಕಾಲ: ದೀಪಾವಳಿಯ ಮರುದಿನ ಸಂಜೆ. ಮೂಲ ವಾಕ್ಯ: “ಏ ತಮ್ಮಾ, ಈ ಡಬ್ಬಿ ಯಾಕ ಸಾಲಿಗಿ ನಿಂತಾವ? ಗ್ಯಾಸೆಣ್ಣಿ ಬಂದದೇನು?”

ಪೂರ್ವಪಕ್ಷ: ಕನ್ನಡ ಮಾತಾಡುವ ಮನೆಯಲ್ಲಿ ಕನ್ನಡ ಸಿನಿಮಾಕ್ಕೆ ಅಡಿಬರಹವೇಕೆ? ಈ ಆಕ್ಷೇಪ ಎತ್ತುವವರು ಬೆಂಗಳೂರಿನವರೇ ಇರಬೇಕು. ಸಿನಿಮಾ ರಾಮ್ ರೆಡ್ಡಿಯವರ ‘ತಿಥಿ’. ಮಂಡ್ಯ ಕಡೆಯ ಹಳ್ಳಿಯಲ್ಲಿ ಹಳ್ಳಿಯವರಿಂದಲೇ ಪಾತ್ರ ಮಾಡಿಸಿ ತೆಗೆದದ್ದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ಅದರೊಳಗಿನ ಪಾತ್ರ ಗಡ್ಡಪ್ಪನ ಮಂಡ್ಯ ಮಾತು ಆಯಿಯ ಕಿವಿಗೆ ಅರ್ಧ ಬಿತ್ತು, ಅರ್ಧ ಕಿಟಕಿಯಿಂದ ಹೊರಗೆ ಹೋಯಿತು. ಆದಕಾರಣ ನಾನು ಮೂರು ರಾತ್ರಿ ಕೂತು, ಆ ಕನ್ನಡವನ್ನು ಈ ಕನ್ನಡಕ್ಕೆ ಇಳಿಸಿ, ಎಸ್‌ಆರ್‌ಟಿ ಫೈಲೊಂದನ್ನು ರಚಿಸಿದೆ. ಎಸ್‌ಆರ್‌ಟಿ ಮಹಾವಿದ್ಯೆಯೇನಲ್ಲ. ಒಂದು ಅಂಕಿ, ಮಾತು ಶುರುವಾಗುವ ಹೊತ್ತು, ಒಂದು ಬಾಣ, ಮಾತು ಮುಗಿಯುವ ಹೊತ್ತು, ಕೆಳಗೆ ಮಾತು. ಬಾಕಿ ದಿನಸಿ ಅಂಗಡಿಯ ಉದ್ರಿ ಖಾತೆಯಷ್ಟೇ ಸರಳ.

ಪ್ಲೇಯರು ವಿಎಲ್‌ಸಿ. 1996ರಲ್ಲಿ ಪ್ಯಾರಿಸ್ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಹುಡುಗರು ಶುರು ಮಾಡಿದ ಕೆಲಸದಿಂದ ಹುಟ್ಟಿದ್ದು. ಅದರ ಗುರುತು ರಸ್ತೆ ರಿಪೇರಿಯ ಕಡೆ ಇಡುವ ಕಿತ್ತಳೆ-ಬಿಳಿ ಟೋಪಿ. ಮುಂದೆ ದಾರಿ ಕೆಟ್ಟಿದೆ ಎಂಬ ಎಚ್ಚರಿಕೆಯನ್ನು ಅವರು ಮೊದಲೇ ಕೊಟ್ಟಿರುವುದರಿಂದ ಮುಂದಿನ ಯಾವ ದೋಷಕ್ಕೂ ಅವರು ಹೊಣೆಯಲ್ಲ.

ಡಬ್ಬಿಯ ಕಾರಣ ಸುಲಭ. ಆಯ್ದುಕೊಂಡ ಫಾಂಟಿನಲ್ಲಿ ಕನ್ನಡವೇ ಇಲ್ಲ; ಪಾತ್ರೆ ಇದೆ, ಪದಾರ್ಥವಿಲ್ಲ. ಸೆಟ್ಟಿಂಗ್‌ಗೆ ಹೋಗಿ ತುಂಗಾ ಫಾಂಟು ಹಾಕಿದರೆ ಡಬ್ಬಿ ತುಂಬುತ್ತದೆ. ಇಲ್ಲಿ ವಿದ್ವಾಂಸರು ಒಂದು ಸಂಗತಿ ಗಮನಿಸಬೇಕು: ವಿಂಡೋಸ್‌ನ ಕನ್ನಡ ಫಾಂಟಿಗೆ ತುಂಗೆಯ ಹೆಸರು, ತೆಲುಗು ಫಾಂಟಿಗೆ ಗೌತಮಿಯ ಹೆಸರು. ನಮ್ಮ ಮಂಜೀರೆಯೋ ಬೀದರ್ ಸೀಮೆ ದಾಟಿ ಬಂದು ಕೊನೆಗೆ ಗೌತಮಿ ಎನಿಸಿಕೊಂಡ ಗೋದಾವರಿಯನ್ನೇ ಸೇರುತ್ತಾಳೆ. ಇದು ಶಕುನವೆಂದು ನನಗೆ ಆಗ ಹೊಳೆಯಲಿಲ್ಲ.

ಫಾಂಟು ಹಾಕಿದ್ದಾಯಿತು, ಡಬ್ಬಿ ಹೋಗಿ ಪಿಶಾಚಿ ಬಂತು. ‘ಮಗ’ ಎಂದು ನಾನು ಬರೆದ ಕಡೆ ಪರದೆಯ ಮೇಲೆ ಕಂಡದ್ದು ಇಷ್ಟು: ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ ಎ, ಪುಟ್ಟ ಎರಡು, ವೃತ್ತದೊಳಗೆ ಸಿಕ್ಕಿಬಿದ್ದ ಆರ್, ಮತ್ತೆ ಓರೆಗೀಟಿನ ಎ, ಪುಟ್ಟ ಎರಡು, ಒಂದು ಉದ್ದ ಗೀಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ ಮೂರು ಬೈಟು. ಅದನ್ನು ವಿಂಡೋಸ್-1252 ಎಂಬ ಪಶ್ಚಿಮದೇಶದ ಕಣ್ಣಿನಿಂದ ಓದಿದರೆ ಒಬ್ಬ ಮಗ ಆರು ತುಂಡಾಗುತ್ತಾನೆ. ಪರಿಹಾರ, ಸೆಟ್ಟಿಂಗ್‌ನಲ್ಲಿ ಎನ್‌ಕೋಡಿಂಗನ್ನು ಯುಟಿಎಫ್-8 ಮಾಡುವುದು. ಆದರೆ ಸಂಶೋಧಕನಾದವನು ಪರಿಹಾರಕ್ಕೆ ಆತುರಪಡಬಾರದು. ಇಡೀ ರಾತ್ರಿ ಪಿಶಾಚಿಗಳನ್ನು ನೋಡಿ ನಾನು ಕಂಡುಕೊಂಡ ಸೂತ್ರ ಹೀಗಿದೆ: ಎ ಪಕ್ಕದಲ್ಲಿ ಪುಟ್ಟ ಎರಡೋ ಮೂರೋ ಇದ್ದರೆ ಆ ಪಿಶಾಚಿ ಕನ್ನಡದ್ದು, ಜ್ವರದ ಡಿಗ್ರಿಯ ಸೊನ್ನೆಯೋ ಕೂಡು-ಕಳೆ ಚಿಹ್ನೆಯೋ ಇದ್ದರೆ ತೆಲುಗಿನದ್ದು. ಗಡಿಯಲ್ಲಿ ಹುಟ್ಟಿದವನಿಗೆ ಇಷ್ಟಾದರೂ ಗೊತ್ತಿರಬೇಕು.

ಗಡಿಯೆಂದರೆ ನೆನಪಾಯಿತು. 1956ರ ನವೆಂಬರ್ 1ರ ತನಕ ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿ. ಆಮೇಲೆ ಗೀಟು ಬಿತ್ತು, ನಾವು ಆಚೆಗಾದೆವು. ಅಕ್ಷರಕ್ಕೊಂದು ಅಂಕಿಯ ಮನೆ ಹಂಚುವ ಯುನಿಕೋಡಿನವರು ಮಾತ್ರ ಬಹಳ ತಿಳಿದವರು. ತೆಲುಗಿಗೆ 128 ಮನೆ ಕೊಟ್ಟು, ಅದು ಮುಗಿದ ಮರುಮನೆಯಿಂದಲೇ ಕನ್ನಡಕ್ಕೆ 128 ಮನೆ ಕೊಟ್ಟಿದ್ದಾರೆ. ತೆಲುಗಿನ ಕ ಇರುವುದು 3093ರಲ್ಲಿ, ಕನ್ನಡದ ಕ 3221ರಲ್ಲಿ. ನಡುವೆ ಚೆಕ್‌ಪೋಸ್ಟ್ ಇಲ್ಲ.

ಎನ್‌ಕೋಡಿಂಗ್ ಸರಿಹೋಗಿ ದುಂಡು ಕನ್ನಡ ಮೂಡಿದಾಗ ನಿಜವಾದ ದೋಷ ಬಯಲಾಯಿತು. ಆಯಿಗೆ ಓದು ಬಾರದು. ಓದಿ ಹೇಳಬೇಕಾದವಳು ಅಣ್ಣನ ಮಗಳು, ಎಂಟನೇ ತರಗತಿ, ತೆಲುಗು ಮೀಡಿಯಂ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ಹುಡುಗಿ ಪರದೆಯನ್ನು ದಿಟ್ಟಿಸಿ, “ಕಾಕಾ, ಅರ್ಧ ನಮ್ಮವೇ ಕಂಡಂಗ ಕಾಣ್ತಾವ, ಓದಲಾಕ ಬರಲ್ಲ” ಎಂದಳು. ಆಯಿ ಡಬ್ಬಿಯೆಂದು ಕರೆದದ್ದು ಅವಳ ಪಾಲಿಗೆ ಫಾಂಟು ಹಾಕಿದ ಮೇಲೂ ಡಬ್ಬಿಯೇ. ಇದಕ್ಕೆ ಪ್ಲೇಯರಿನ ಯಾವ ಮೆನುವಿನಲ್ಲೂ ಮದ್ದಿಲ್ಲ.

ಉತ್ತರಪಕ್ಷ: ಪ್ರತಿ ಅಕ್ಷರದ ಅಂಕಿಯಿಂದ 128 ಕಳೆಯತಕ್ಕದ್ದು. ಕಳೆದೆ. ಮಾತು ಕನ್ನಡವೇ ಉಳಿಯಿತು, ಲಿಪಿ ತೆಲುಗಾಯಿತು. ತುಂಗೆಯನ್ನು ತೆಗೆದು ಗೌತಮಿಯನ್ನು ಹಾಕಿದೆ. ಹುಡುಗಿ ಗಡಗಡ ಓದತೊಡಗಿದಳು.

ಉಳಿದದ್ದು ಕಾಲದೋಷ. ಅವಳು ಓದಿ ಹೇಳುವಷ್ಟರಲ್ಲಿ ಗಡ್ಡಪ್ಪ ಮುಂದಿನ ಓಣಿ ಸೇರಿರುತ್ತಿದ್ದ. ಜಿ ಕೀಲಿ ಒಂದು ಸಲ ಒತ್ತಿದರೆ ಅಡಿಬರಹ 50 ಮಿಲಿಸೆಕೆಂಡು ಮುಂಚೆ ಬರುತ್ತದೆ, ಎಚ್ ಒತ್ತಿದರೆ ಅಷ್ಟೇ ತಡವಾಗಿ. ನಮಗೆ ಬೇಕಿದ್ದದ್ದು ಎರಡು ಸೆಕೆಂಡು. ಜಪಮಾಲೆ ಎಣಿಸಿದಂತೆ ನಲವತ್ತು ಸಲ ಜಿ ಒತ್ತಿದೆ. ಲೋಕವೆಲ್ಲ ದೋಷವೆಂದು ತಿದ್ದುವುದನ್ನು ನಾವು ದುಡಿದು ಸಂಪಾದಿಸಿದೆವು: ಅಂದು ಗಡ್ಡಪ್ಪ ಬಾಯಿ ತೆರೆಯುವ ಮೊದಲೇ ಆಯಿ ನಗುತ್ತಿದ್ದಳು.

ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್ ಕಡೆಯ ಕನ್ನಡದ ಮನೆಯವರಲ್ಲಿ ವಿನಂತಿ: ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಸಿನಿಮಾದ ಹೆಸರನ್ನೇ ಅದಕ್ಕೂ ಇಟ್ಟು, ಎರಡನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ ಪೆನ್‌ಡ್ರೈವ್ ತನ್ನಿ. 128 ನಾನು ಕಳೆದುಕೊಡುತ್ತೇನೆ.