ಎರಡೂ ಎಡತೋಳು

ಟೇಲರ್ ಅಂಗಡಿಯ ಬುಧವಾರ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ‘ಬುಧವಾರ ಬನ್ನಿ ಮೇಡಂ’ ಎಂದವರ ಬಳಿ ಬುಧವಾರ ಹೋದರೆ ‘ಹೆಮ್ಮಿಂಗ್ ಒಂದೇ ಬಾಕಿ, ಸಂಜೆ ಕೊಟ್ಬಿಡ್ತೀನಿ’ ಎನ್ನುತ್ತಾರೆ. ಸಂಜೆ ಹೋದರೆ ಹೆಮ್ಮಿಂಗ್ ಮಾಡುವ ಹುಡುಗ ಊರಿಗೆ ಹೋಗಿರುತ್ತಾನೆ. ಮದುವೆಗೆ ಎರಡೇ ದಿನ ಇರುವಾಗ, ತನ್ನ ರೇಷ್ಮೆ ರವಿಕೆ ಪೀಸು ಮಡಿಕೆ ಕೂಡ ಬಿಚ್ಚದೆ ಮೂಲೆಯ ಗಂಟಿನಿಂದ ಹೊರಬರುವುದನ್ನು ಕಂಡ ಹೆಂಗಸು ಅಲ್ಲೇ ನಿಂತು ಒಂದು ಪ್ರತಿಜ್ಞೆ ಮಾಡುತ್ತಾಳೆ. ನಮ್ಮ ಎಷ್ಟೋ ಮನೆಗಳಿಗೆ ಹೊಲಿಗೆ ಮಶೀನು ಬಂದದ್ದು ಈ ಸಿಟ್ಟಿನಿಂದಲೇ. ಉಳಿತಾಯದ ಮಾತು ಆಮೇಲೆ, ಮನೆಯವರ ಮುಂದೆ ಹೇಳುವುದಕ್ಕೆಂದು ಹುಟ್ಟಿಕೊಳ್ಳುತ್ತದೆ.

ಹೊಲಿಗೆ ಮಶೀನಿಗೂ ಸಿಟ್ಟಿಗೂ ಹಳೆಯ ನಂಟು. 1830ರಲ್ಲಿ ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ದರ್ಜಿ ಇಂಥದೊಂದು ಯಂತ್ರಕ್ಕೆ ಪೇಟೆಂಟ್ ಪಡೆದು, ಪ್ಯಾರಿಸ್ಸಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಸತೊಡಗಿದ. ಹೊಟ್ಟೆಪಾಡು ಹೋಯಿತೆಂದು ಊರ ದರ್ಜಿಗಳೆಲ್ಲ ನುಗ್ಗಿ ಬಂದು ಯಂತ್ರಗಳನ್ನು ಪುಡಿಗಟ್ಟಿದರು. ಅಮೆರಿಕದಲ್ಲಿ ಎಲಿಯಾಸ್ ಹೋವ್ ಎಂಬಾತ ಸೂಜಿಯ ಕಣ್ಣನ್ನು ಮೊನೆಯ ಹತ್ತಿರ ಇಟ್ಟು, ಮೇಲಿನ ದಾರ ಕೆಳಗಿನ ದಾರಕ್ಕೆ ಸಿಕ್ಕಿಕೊಳ್ಳುವಂತೆ ಮಾಡಿ 1846ರಲ್ಲಿ ಪೇಟೆಂಟ್ ಪಡೆದ. ಐಸಾಕ್ ಸಿಂಗರನ ಪೇಟೆಂಟ್ 1851ರದ್ದು. ಇಬ್ಬರೂ ಕೋರ್ಟಿನಲ್ಲಿ ಬಡಿದಾಡಿಕೊಂಡರು. ಸೋತ ಸಿಂಗರ್ ಹೋವ್‌ಗೆ ರಾಯಲ್ಟಿ ಕಟ್ಟಬೇಕಾಯಿತು. ಆದರೆ ಮಶೀನನ್ನು ಕಂತಿನ ಮೇಲೆ ಮಾರಿ ಮನೆಮನೆಗೆ ನುಗ್ಗಿಸಿದ್ದು ಸಿಂಗರನ ಕಂಪನಿಯೇ.

ಯಂತ್ರಗಳೆಂದರೆ ದೂರ ಇರುತ್ತಿದ್ದ ಗಾಂಧೀಜಿ ಕೂಡ ಇದೊಂದಕ್ಕೆ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಇದನ್ನು ಮಾಡಿದನೆಂದು 1924ರಲ್ಲಿ, ಕಾಂಗ್ರೆಸ್ಸಿನ ಬೆಳಗಾವಿ ಅಧಿವೇಶನಕ್ಕೆ ಸ್ವಲ್ಪ ಮೊದಲು, ಒಂದು ಮಾತುಕತೆಯಲ್ಲಿ ಹೇಳಿದ್ದರು. ಮಹಾತ್ಮರ ಒಳ್ಳೆಯತನ ದೊಡ್ಡದು. ಸಿಂಗರನ ಜೀವನಚರಿತ್ರೆ ಓದಿದವರಿಗೆ ಅಲ್ಲಿ ಸಿಗುವುದು ಒಬ್ಬಳಲ್ಲ, ಹಲವು ಹೆಂಗಸರು ಮತ್ತು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅಷ್ಟು ಮಕ್ಕಳಿಗೆ ಅಂಗಿ ಚಡ್ಡಿ ಹೊಲಿಯಬೇಕಾದವನಿಗೆ ಮಶೀನು ಬೇಕೇ ಬೇಕಿತ್ತು ಎಂದು ಬೇಕಾದರೆ ವಾದಿಸಬಹುದು.

ನಮ್ಮಲ್ಲಿ ಪ್ರಯೋಗ ಶುರುವಾಗುವುದು ಸಾಮಾನ್ಯವಾಗಿ ಅಜ್ಜಿಯ ಕಪ್ಪು ಮಶೀನಿನಿಂದ. ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ತಯಾರಿಸತೊಡಗಿದ ಉಷಾ ಇರಬಹುದು, ಸಿಂಗರೇ ಇರಬಹುದು. ಚಿನ್ನದ ಬಣ್ಣದ ಅಕ್ಷರ ಅರ್ಧ ಅಳಿಸಿರುತ್ತದೆ. ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆಯ ರಾಶಿ ಇರುತ್ತದೆ. ಅದನ್ನೆಲ್ಲ ಇಳಿಸಿ, ಧೂಳು ಒರೆಸಿ, ‘ಸ್ವಲ್ಪ ಎಣ್ಣೆ ಬಿಟ್ಟರೆ ಸರಿಹೋಗುತ್ತೆ’ ಎಂದು ಯಾರೋ ಕೊಬ್ಬರಿ ಎಣ್ಣೆಯ ಶೀಶೆ ತರುತ್ತಾರೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಗೂಡಿನಲ್ಲೇ ಗಟ್ಟಿಯಾಗುವ ಎಣ್ಣೆ ಮಶೀನಿನ ಹೊಟ್ಟೆಯಲ್ಲಿ ಮಾತ್ರ ನೀರಾಗಿ ಉಳಿಯುತ್ತದೆಯೇ? ಇದಕ್ಕೆಂದೇ ಮಾರುವ ಮಶೀನ್ ಎಣ್ಣೆಯ ಪುಟ್ಟ ಬಾಟಲಿಗೆ ದೊಡ್ಡ ಬೆಲೆಯೇನೂ ಇಲ್ಲ.

ಮುಂದಿನದು ಪೆಡಲು. ಚಕ್ರ ಕೂತವರ ಕಡೆಗೆ ತಿರುಗಬೇಕು. ಹೊಸಬರು ಕಾಲಿಟ್ಟರೆ ಅದು ಆಚೆಗೇ ತಿರುಗಿ, ದಾರ ಪಟ್ಟೆಂದು ಕಡಿಯುತ್ತದೆ. ಮೊದಲು ಕೈಯಿಂದ ಚಕ್ರ ತಿರುಗಿಸಿ, ಆಮೇಲೆ ಪೆಡಲು ಹಿಡಿಯಬೇಕು. ಕಾಲು ನೋಯುತ್ತದೆಂದು ಮೋಟಾರು ಹಾಕಿಸಿಕೊಂಡವರದು ಬೇರೆ ಕಥೆ. ಅಲ್ಲಿ ಮಶೀನು ಮುಂದೆ, ಹೊಲಿಯುವವರು ಹಿಂದೆ.

ಅಂತೂ ಹತ್ತಿಂಚು ಹೊಲಿದಾಯಿತು. ಮೇಲಿನಿಂದ ನೋಡಿದರೆ ಹೊಲಿಗೆ ಮುತ್ತು ಪೋಣಿಸಿದಂತಿದೆ. ಬಟ್ಟೆ ಮಗುಚಿದರೆ ದಾರದ ಮುದ್ದೆ! ಆಗ ಎಲ್ಲರ ಅನುಮಾನವೂ ಕೆಳಗಿನ ದಾರದ ಬಾಬಿನ್ನಿನ ಮೇಲೆ. ಸ್ಕ್ರೂಡ್ರೈವರ್ ಬರುತ್ತದೆ, ಬಾಬಿನ್ ಕೇಸಿನ ಪುಟ್ಟ ತಿರುಪನ್ನು ಒಬ್ಬೊಬ್ಬರು ಒಂದೊಂದು ಸುತ್ತು ತಿರುಗಿಸುತ್ತಾರೆ, ಅದು ಒಮ್ಮೆ ಕೈಜಾರಿ ಮಂಚದಡಿ ಮಾಯವಾಗುತ್ತದೆ. ಮನೆಮಂದಿಯೆಲ್ಲ ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಬೋರಲಾಗುತ್ತಾರೆ. ನಿಜವಾದ ತಪ್ಪಿತಸ್ಥ ಹೆಚ್ಚಿನ ಸಲ ಮೇಲೆಯೇ ಇರುತ್ತಾನೆ: ಮೇಲಿನ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಬಟ್ಟೆ ಅದುಮುವ ಫುಟ್ಟನ್ನು ಎತ್ತಿ ದಾರ ಪೋಣಿಸಿದರೆ ಬಿಲ್ಲೆಗಳು ಸಡಿಲವಾಗಿ ದಾರವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಹೊಲಿಯುವಾಗ ಮರೆಯದೆ ಇಳಿಸಬೇಕು. ಹೊಲಿಗೆ ಹಾರಿ ಹಾರಿ ಬಿದ್ದರೆ ಸೂಜಿಯ ಚಪ್ಪಟೆ ಬದಿ ತಿರುಗುಮುರುಗಾಗಿದೆಯೇ, ಮೊನೆ ಮೊಂಡಾಗಿದೆಯೇ ನೋಡಬೇಕು. ರಿಪೇರಿಯವನು ಬಂದು ಒಂದು ಸೂಜಿ ಬದಲಿಸಿ ದುಡ್ಡು ಎಣಿಸಿಕೊಂಡು ಹೋಗುವ ದೃಶ್ಯ ಹಲವು ಮನೆಗಳಲ್ಲಿ ನಡೆದಿದೆ.

ಇಷ್ಟೆಲ್ಲ ಆದರೂ ಮಶೀನು ಮೂಲತಃ ಸಾಧು. ಅಸಲಿ ಕಷ್ಟ ಕತ್ತರಿಯದು. ಟೇಲರ್ ಅಂಗಡಿಯಲ್ಲಿ ಮಾಸ್ಟರ್ ಎನಿಸಿಕೊಳ್ಳುವವರು ಕೊರಳಿಗೆ ಟೇಪು ಹಾಕಿಕೊಂಡು ಕತ್ತರಿಸುವವರೇ ಹೊರತು ಒಳಗೆ ಕೂತು ಪೀಸಿನ ಲೆಕ್ಕದಲ್ಲಿ ಹೊಲಿಯುವವರಲ್ಲ. ತಪ್ಪು ಹೊಲಿಗೆಯನ್ನು ಬಿಚ್ಚಬಹುದು, ತಪ್ಪು ಕತ್ತರಿಯನ್ನು ಬಿಚ್ಚಲಾಗದು. ಯೂಟ್ಯೂಬಿನ ಅಕ್ಕ ‘ಎದೆ ಸುತ್ತಳತೆ 36 ಇಂಚಾದರೆ ಅದರ ನಾಲ್ಕನೇ ಒಂದು ಭಾಗ 9, ಮೇಲೆ ಎರಡಿಂಚು ಮಾರ್ಜಿನ್’ ಎಂದು ಹತ್ತು ನಿಮಿಷದಲ್ಲಿ ರವಿಕೆ ಮುಗಿಸುತ್ತಾಳೆ. ಆಕೆ ಅವಸರದಲ್ಲಿ ಹೇಳಿ ಮುಂದೆ ಹೋಗುವ ಒಂದು ಮಾತಿದೆ. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಆಳ. ಬಟ್ಟೆ ಮಡಿಸಿ ಎರಡೂ ತೋಳು ಒಟ್ಟಿಗೆ ಕತ್ತರಿಸಿದರೆ ಜೋಡಿ ಬರುತ್ತದೆ. ಬಟ್ಟೆ ಸಾಲದೆಂದು ಒಂದನ್ನು ಈ ಮೂಲೆಯಲ್ಲಿ, ಇನ್ನೊಂದನ್ನು ಆ ಮೂಲೆಯಲ್ಲಿ, ಅದೇ ಕಾಗದದ ಅಚ್ಚನ್ನು ಮಗುಚದೆ ಇಟ್ಟು ಕತ್ತರಿಸಿದರೆ ಎರಡೂ ಎಡತೋಳು! ಸಾದಾ ಬಟ್ಟೆಯಾದರೆ ಒಂದನ್ನು ಒಳಹೊರಗು ಮಾಡಿ ಪಾರಾಗಬಹುದು. ಗುಳೇದಗುಡ್ಡದ ಖಣವಾದರೆ ಆ ದಾರಿಯೂ ಇಲ್ಲ. ಅದರ ಅಗಲವೂ ಕಡಿಮೆ, ಚೆಂದವೆಲ್ಲ ಮೇಲ್ಮುಖದಲ್ಲಿ.

ಇನ್ನೊಂದು ಗುಟ್ಟು ಬಟ್ಟೆಯ ಎಳೆಗೆ ಸಂಬಂಧಿಸಿದ್ದು. ಕೊರಳಿಗೆ ಪೈಪಿಂಗ್ ಕೊಡುವ ಪಟ್ಟಿಯನ್ನು ಮಾಸ್ಟರುಗಳು ‘ಕ್ರಾಸ್’ ಕತ್ತರಿಸುತ್ತಾರೆ, ಅಂದರೆ 45 ಡಿಗ್ರಿ ಓರೆಯಾಗಿ. ಓರೆ ಪಟ್ಟಿ ಹಿಗ್ಗುತ್ತದೆ, ಗುಂಡಗಿನ ಕೊರಳಿಗೆ ಸುಕ್ಕಿಲ್ಲದೆ ಬಳಸಿಕೊಳ್ಳುತ್ತದೆ. ನೇರ ಕತ್ತರಿಸಿದ ಪಟ್ಟಿ ಮುದುಡಿ ನಿಲ್ಲುತ್ತದೆ. ಇದನ್ನು ಕಲಿತ ದಿನ ಮನೆಯ ದರ್ಜಿ ತಲೆಯೆತ್ತಿ ಓಡಾಡುತ್ತಾಳೆ. ಸುದ್ದಿ ಅಕ್ಕಪಕ್ಕದ ಮನೆಗಳಿಗೆ ಮುಟ್ಟುತ್ತದೆ. ‘ಹೇಗೂ ಮಶೀನ್ ಇದೆಯಲ್ಲಾ, ಇದಕ್ಕೊಂದು ಫಾಲ್ ಹಾಕಿಕೊಡ್ತೀರಾ?’ ಎಂದು ಸೀರೆಗಳು ಬರತೊಡಗುತ್ತವೆ. ‘ಯಾವಾಗ ಬರಲಿ?’ ಎಂದು ಕೇಳಿದವರಿಗೆ ಈಕೆಯ ಬಾಯಿಂದಲೂ ‘ನಾಡಿದ್ದು ಪಕ್ಕಾ’ ಎಂಬ ಮಾತೇ ಬರುತ್ತದೆ.

ಇನ್ನು ಕತ್ತರಿ ತಪ್ಪಿ ಕೆಟ್ಟ ಬಟ್ಟೆಯೂ ಸುಮ್ಮನೆ ಹಾಳಾಗಬೇಕಿಲ್ಲ. ಉತ್ತರ ಕರ್ನಾಟಕದ ಹೆಂಗಸರು ಹಳೆ ಸೀರೆ, ಚೂರುಪಾರುಗಳನ್ನೆಲ್ಲ ಪದರ ಪದರವಾಗಿ ಹಾಸಿ ಕೈಹೊಲಿಗೆಯಲ್ಲೇ ಕೌದಿ ಮಾಡುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕವಂದಿಗಳಂತೂ ಪ್ರದರ್ಶನಗಳಲ್ಲಿ ಮೆರೆಯುತ್ತವೆ. ಎರಡು ಎಡತೋಳಿಗೂ ಅಲ್ಲಿ ಮರ್ಯಾದೆಯ ಜಾಗ ಸಿಗುತ್ತದೆ.

ಹೊಸದಾಗಿ ಮಶೀನಿನ ಮುಂದೆ ಕೂರುವವರು ರೇಷ್ಮೆ ಮುಟ್ಟುವ ಮೊದಲು ದಿಂಬಿನ ಕವರು, ಸೀರೆಯ ಒಳಲಂಗ ಹೊಲಿದು ನೋಡಿ. ಮಾಮೂಲಿ ಹತ್ತಿ ಬಟ್ಟೆಗೆ 14ನೇ ನಂಬರಿನ ಸೂಜಿ ಸಾಕು, ಜೀನ್ಸಿನಂಥ ದಪ್ಪದ್ದಕ್ಕೆ 16 ಅಥವಾ 18 ಹಾಕಿ. ಬಟ್ಟೆ ಹತ್ತಿಯದಾದರೆ ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ನಿಮ್ಮನ್ನು ಬಿಟ್ಟು ಮಗಳ ಅಳತೆಗೆ ಇಳಿದಿರುತ್ತದೆ.