ಬಲ ಹೆಗಲ ಜನಿವಾರ

ಅಟ್ಟ ಗುಡಿಸಲು ಹತ್ತಿದ ಮೇಷ್ಟ್ರು ಹಳೆಯ ಬಿಸ್ಕತ್ ಡಬ್ಬಿಯೊಂದನ್ನು ಹಿಡಿದು ಇಳಿದರು. ಮುಚ್ಚಳ ತೆಗೆದದ್ದೇ ತಡ, ಮನೆಯೆಲ್ಲ ಹುಳಿ ಘಾಟು. "ಯಾವ ಕಾಲದ ಉಪ್ಪಿನಕಾಯಿರೀ ಅದು?" ಎಂದರು ಹೆಂಡತಿ ಒಳಗಿನಿಂದಲೇ.

ಉಪ್ಪಿನಕಾಯಿಯಲ್ಲ, ನೆಗೆಟಿವ್. ಸೆಕೆಗೆ, ತೇವಕ್ಕೆ ಅಸಿಟೇಟ್ ಫಿಲ್ಮು ಕೆಡತೊಡಗಿದರೆ ವಿನಿಗರ್ ವಾಸನೆ ಬಿಡುತ್ತದೆ. ರೋಗದ ಹೆಸರೇ ವಿನಿಗರ್ ಸಿಂಡ್ರೋಮ್. ಆ ಆವಿ ಪಕ್ಕದ ಸುರುಳಿಗಳನ್ನೂ ಕೆಡಿಸುತ್ತದೆ. ತಣ್ಣಗಿನ, ಒಣ ಜಾಗದಲ್ಲಿಟ್ಟು ನಿಧಾನಿಸಬಹುದು, ವಾಸಿ ಮಾಡಲಾಗದು.

ಹೀಗಾಗಿ ಮನೆಯಲ್ಲೇ ಡಿಜಿಟಲ್ ಮಾಡುವ ಯಜ್ಞ ಶುರುವಾಯಿತು. ಮಗನ ಟ್ಯಾಬಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಹಾಸಿ ಮೊಬೈಲಿನಲ್ಲಿ ತೆಗೆದರೆ ಅಜ್ಜಿಯ ಮುಖದ ತುಂಬ ಸೊಳ್ಳೆಪರದೆಯ ಚೌಕಳಿ. ಅದು ಟ್ಯಾಬಿನ ಪಿಕ್ಸೆಲ್ಲು. ಕೊನೆಗೆ ಮುಚ್ಚಳದಲ್ಲೂ ದೀಪವಿರುವ ಸ್ಕ್ಯಾನರ್ ಬಂತು. 24×36 ಮಿ.ಮೀ. ಚೌಕಟ್ಟನ್ನು 2400 ಡಿಪಿಐನಲ್ಲಿ ಓದಿಸಿದರೆ ಸುಮಾರು 77 ಲಕ್ಷ ಪಿಕ್ಸೆಲ್. ಗೋಡೆಗೆ ನೇತುಹಾಕಲು ಧಾರಾಳವಾಯಿತು.

ಧೂಳು ಅಳಿಸುವ ಗುಂಡಿಯೂ ಅದರಲ್ಲಿತ್ತು. ಇನ್‌ಫ್ರಾರೆಡ್ ಬೆಳಕು ಬಣ್ಣದ ಫಿಲ್ಮನ್ನು ಹಾದುಹೋಗುತ್ತದೆ, ಧೂಳು ಅದನ್ನು ತಡೆಯುತ್ತದೆ. ಯಂತ್ರ ಕಸ ಗುರುತಿಸುವುದು ಹಾಗೆ. ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ, ಅದೂ ಬೆಳಕನ್ನು ತಡೆಯುತ್ತದೆ. ಗುಂಡಿ ಒತ್ತಿದ್ದೇ, ಯಂತ್ರ ಸೋದರಮಾವನ ಬಿಳಿ ಪಂಚೆಯನ್ನೇ ಕಸವೆಂದುಕೊಂಡು ಕಲಸಿಹಾಕಿತು.

ಅಮೆರಿಕದಲ್ಲಿದ್ದ ಭಾವನ ಕೊಡಕ್ರೋಮ್ ಸ್ಲೈಡುಗಳ ಬಣ್ಣ ಮಾತ್ರ ಮಾಸಿರಲಿಲ್ಲ. 1935ರಲ್ಲಿ ಹುಟ್ಟಿ 2009ರಲ್ಲಿ ತಯಾರಿಕೆ ನಿಂತ ಆ ಫಿಲ್ಮು ಕತ್ತಲಲ್ಲಿದ್ದರೆ ಬಹುಕಾಲ ಬಾಳುತ್ತದೆ. ಹೊಸ ಕಾರಿನ ಸ್ಲೈಡು ಹದಿನಾಲ್ಕು, ಅಕ್ಕನದು ಎರಡು.

ದೊಡ್ಡ ರಗಳೆಯಾದದ್ದು ಮುಂಜಿಯ ಚಿತ್ರದಿಂದ. ಪರದೆಯ ಮೇಲಿನ ವಟು, ಅಂದರೆ ಸ್ವತಃ ಮೇಷ್ಟ್ರು, ಜನಿವಾರವನ್ನು ಬಲ ಹೆಗಲಿಗೆ ಹಾಕಿಕೊಂಡಿದ್ದಾನೆ. ತೊಂಬತ್ತರ ಅಮ್ಮ ಬೆಚ್ಚಿಬಿದ್ದರು. "ಅಪಸವ್ಯ ಮಾಡ್ಕೊಂಡಿದೀಯಲ್ಲೋ! ಇದೇನು ಮುಂಜಿಯೋ, ತಿಥಿಯೋ?" ಸುತ್ತ ಕೂತ ಹೆಂಗಸರ ಸೆರಗೂ ಬಲಕ್ಕೇ. ಪುರೋಹಿತರ ತಪ್ಪೇನಿಲ್ಲ, ಫಿಲ್ಮು ಮಗುಚಿತ್ತು. ಹೊಳೆಯುವ ಮೈ ಕಣ್ಣಿಗೆ ಎದುರಾಗಿ ಅಂಚಿನ ಅಕ್ಷರ ನೇರವಾಗಿ ಓದಿಸಿಕೊಂಡರೆ ಸರಿ. ಮಂಕು ಮೈ ಎದುರಿದ್ದರೆ ಕಾಣುವುದು ಕನ್ನಡಿಯ ಚಿತ್ರ. ಮೇಷ್ಟ್ರು ಈಗ ಅಕ್ಷರದ ಗೊಡವೆಗೇ ಹೋಗುವುದಿಲ್ಲ, ಸೆರಗು ನೋಡಿ ತೀರ್ಮಾನಿಸುತ್ತಾರೆ. (ಗುಜರಾತಿ ನೆರೆಮನೆಯ ಮದುವೆಯ ಸುರುಳಿಯಲ್ಲಿ ಮಾತ್ರ ಈ ಸೂತ್ರ ಕೈಕೊಟ್ಟಿತು.)

ಒಂದು ಚಿತ್ರಕ್ಕೆ ಯಂತ್ರ ತೆಗೆದುಕೊಳ್ಳುವುದು ಮೂರು ನಿಮಿಷ. ಹಿಂದೆ ಅರ್ಧ ಮುಖ ಕಾಣುವವರು ಯಾರೆಂಬ ತೀರ್ಪಿಗೆ ಅಮ್ಮನಿಗೆ ಮುಕ್ಕಾಲು ಗಂಟೆ, ಎರಡು ಲೋಟ ಕಾಫಿ. ಅವರು ಹೇಳಿದ್ದೇ ಫೈಲಿನ ಹೆಸರಾಗುತ್ತಿದೆ: "ಹೊಸಮನೆ ಚಿಕ್ಕಪ್ಪ, ಸಾಲ ತೀರಿಸದವನು". 212ರಲ್ಲಿ 41 ಮುಗಿದಿವೆ. ಸ್ಕ್ಯಾನ್ ಆದ ನೆಗೆಟಿವ್‌ಗಳನ್ನೂ ಎಸೆದಿಲ್ಲ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರು ಸೇರಿವೆ.

ನಿಮ್ಮ ಅಟ್ಟದಲ್ಲೂ ಇಂಥ ಡಬ್ಬಿಯಿದ್ದರೆ ಒಮ್ಮೆ ತೆಗೆದು ಮೂಸಿ ನೋಡಿ. ಹುಳಿ ಬಂದ ಸುರುಳಿಯನ್ನು ಮೊದಲು ಬೇರೆಯಿಡಿ, ಅದರಿಂದಲೇ ಶುರುಮಾಡಿ.