ಮೌಖಿಕ ಪರೀಕ್ಷಾ ಮೀಮಾಂಸೆ: ತಂಬ್ರಹಳ್ಳಿ ಶಾಖೆ

ವೈದ್ಯಶಾಸ್ತ್ರದಲ್ಲಿ ಎಂ.ಡಿ. ಪದವಿಯನ್ನು ಅಪೇಕ್ಷಿಸಿದವನು ಮೂರು ಸಂವತ್ಸರಗಳ ಕಾಲ ನಿದ್ರೆಯನ್ನು ರಾತ್ರಿಪಾಳಿಗೆ ಧಾರೆಯೆರೆದು, ಹ್ಯಾರಿಸನ್ನನ ಮಹಾಗ್ರಂಥವನ್ನು ಪ್ರಮಾಣವಾಗಿಯೂ ದಿಂಬಾಗಿಯೂ ಉಪಯೋಗಿಸಿ, ಕಟ್ಟಕಡೆಗೆ ಪರೀಕ್ಷಕರೆದುರು ಬಾಯಿ ತೆರೆಯಬೇಕಾದ ಗಳಿಗೆಯಲ್ಲಿ ಮೂಕನಾಗುವನೇಕೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಲೇ ಇಲ್ಲ. ಅವರೂ ಆ ಗಳಿಗೆಯನ್ನು ದಾಟಿ ಬಂದವರಷ್ಟೆ.

ಸಿದ್ಧತೆಯ ವಿಷಯದಲ್ಲಿ ಪ್ರಸಿದ್ಧ ಪಂಥಗಳು ಎರಡು. ಪುಸ್ತಕದಲ್ಲಿಲ್ಲದ ರೋಗವು ರೋಗಿಯಲ್ಲಿಯೂ ಇರಲಾಗದೆಂಬುದು ಗ್ರಂಥವಾದಿಗಳ ನಿಲುವು. ಪರೀಕ್ಷಕವಾದಿಗಳಾದರೋ ರೋಗವನ್ನೇ ಬದಿಗಿಟ್ಟು, ಹೊರಗಿನಿಂದ ಬರುವ ಪರೀಕ್ಷಕರಿಗೆ ಗುಲ್ಮದ ಮೇಲೆ ಮಮತೆಯೋ ನರಮಂಡಲದ ಮೇಲೆಯೋ ಎಂಬುದನ್ನು ಹಿರಿಯ ವಿದ್ಯಾರ್ಥಿಗಳಿಂದ ಶ್ರುತಿಪರಂಪರೆಯಾಗಿ ಪಡೆಯುವರು. ಇವೆರಡನ್ನೂ ಖಂಡಿಸಿ ಹುಟ್ಟಿದ್ದು ತಂಬ್ರಹಳ್ಳಿ ಶಾಖೆ.

1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ, ತಂಬ್ರಹಳ್ಳಿಯ ಬಂಡೆ ರಂಗನಾಥನಿಗೆ ಕೈಮುಗಿದು, ತುಂಗಭದ್ರೆಯ ಹಿನ್ನೀರಿನ ಸೀಮೆಯಿಂದ ಹೊಸಪೇಟೆಯ ಮೇಲೆ ಬಸ್ಸಿನಲ್ಲಿ ಬಂದಿಳಿಯುವ ರೋಗಿಗಳು ‘ಕೇಸು’ಗಳಾಗಿ ಮಲಗಿ ಮಲಗಿ ಬಹುಶ್ರುತರಾಗಿರುವರೆಂಬುದೇ ಈ ಶಾಖೆಯ ಮೂಲತತ್ತ್ವ. ಆಧಾರಕ್ಕೆ ಕೊರತೆಯಿಲ್ಲ. 1761ರಲ್ಲಿ ಎದೆಯನ್ನು ತಟ್ಟಿ ಕೇಳುವ ಕ್ರಮವನ್ನು ಪ್ರಕಟಿಸಿದ ಔಎನ್‌ಬ್ರುಗ್ಗರನು ಛತ್ರದವನ ಮಗ. 1816ರಲ್ಲಿ ಲೆನೆಕ್ಕನು ಸಂಕೋಚದಿಂದ ಕಾಗದದ ಸುರುಳಿಯನ್ನು ತರುಣಿಯ ಎದೆಗೆ ಇಟ್ಟು ಕಿವಿಗೊಟ್ಟನು. ಇಬ್ಬರಿಗೂ ಉತ್ತರ ದೊರೆತದ್ದು ರೋಗಿಯ ಒಳಗಿನಿಂದ.

ಉದಾಹರಣೆಗೆ ಮೈಟ್ರಲ್ ಕವಾಟದ ಸಂಕೋಚವನ್ನೇ ತೆಗೆದುಕೊಳ್ಳೋಣ. ಬಾಲ್ಯದ ಕೀಲುವಾತಜ್ವರದ ಉಳಿಕೆಯಾದ ಆ ಮಂದ್ರಸ್ವರದ ಮರ್ಮರವು, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರು ಬಿಡಿಸಿ ತಡೆಹಿಡಿಸಿ, ಸ್ಟೆತಾಸ್ಕೋಪಿನ ಗಂಟೆಯ ಬದಿಯನ್ನು ಹಗುರವಾಗಿ ಇಟ್ಟಾಗಲೇ ಚೆನ್ನಾಗಿ ಕೇಳುವುದು. ಅಭ್ಯರ್ಥಿ ಸಮೀಪಿಸುತ್ತಲೇ “ಎಡಕ್ ಹೊಳ್ಳಲೇನ್ರಿ?” ಎಂದು, ಅಪ್ಪಣೆಗೆ ಕಾಯದೆ ಮಗ್ಗುಲಾಗಿ, ಉಸಿರು ಬಿಟ್ಟು ಹಿಡಿದ ತಾಯಿಯಲ್ಲಿ ನಿದಾನವು ಮುಕ್ಕಾಲು ಪಾಲು ಸಿದ್ಧಿಸಿದಂತೆಯೇ. ಇದು ನಕಲಲ್ಲವೇ ಎಂದರೆ, ಅಲ್ಲ: ರೋಗಿಯಿಂದ ತಿಳಿದುಕೊಂಡದ್ದೆಲ್ಲವೂ ರೋಗಚರಿತ್ರೆಯೇ. ಆದುದರಿಂದ ಅಭ್ಯರ್ಥಿಯು ಕೇಳತಕ್ಕ ಪ್ರಥಮ ಪ್ರಶ್ನೆ, “ತಿಂಡಿ ಆಯಿತೇನಮ್ಮ?” (ಹಸಿದ ಪಂಡಿತರು ಬಾಯಿ ಬಿಡುವುದಿಲ್ಲ.)

ಶಾಖೆಗೆ ಒದಗಿದ ಆಪತ್ತು ಒಂದೇ. “ನಾಡಿ ನೋಡುವ ಮೊದಲೇ ಎಡಕ್ಕೆ ಹೊರಳಿಸಿದ್ದೇಕೆ?” ಎಂದು ಪರೀಕ್ಷಕರು ಗರ್ಜಿಸಿ, ಅಭ್ಯರ್ಥಿಯು ಯಥಾಶಾಸ್ತ್ರ ಮೂಕನಾಗಿ ನಿಂತಿರಲು, ಹಾಸಿಗೆಯಿಂದಲೇ ಸಮಾಧಾನ ಬಂತಂತೆ: “ಅವರ್ನ ಯಾಕ್ ಬೈತೀರ್ರೀ ಸಾಹೇಬ್ರ, ಹೋದ್ ವರ್ಷದೋರೂ ನಾಡಿ ಮರ್ತಿದ್ರು, ಆದ್ರೂ ಪಾಸಾದ್ರಲ್ಲ!”